‘ನಾವು ಸೋತ್ವಿ ಮೇಡಂ’

ಆಪ್ತಸಮಾಲೋಚನೆಗೆಂದು ಅಮ್ಮನನ್ನು ನನ್ನ ಬಳಿ ಕರೆದುಕೊಂಡು ಬಂದವರು ಮಗ. ದಾವಣಗೆರೆಯವರೇ, ಸ್ವಂತ ಅಂಗಡಿ ಇದೆ. ಅಮ್ಮನಿಗೆ ಅರವತ್ತು ದಾಟಿದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆ ತಾಯಿಯ ಒಪ್ಪಿಗೆ ಇದೆ.

“ಅಪ್ಪ ಹೋಗಿ ಎಂಟು ತಿಂಗಳಾಯ್ತು ಮೇಡಂ. ಅಮ್ಮ ರಾತ್ರಿ ಒಬ್ಬರೇ ಕೂತು ಮ್ಯಾಚ್ ನೋಡ್ತಾರೆ. ನೋಡ್ಲಿ ಬಿಡಿ. ಟಿವಿ ಜೊತೆ ಮಾತಾಡ್ತಾರೆ, ಚಪ್ಪಾಳೆ ತಟ್ತಾರೆ. ಸೋತ ದಿನ ಅಳ್ತಾರೆ, ಮಾರನೇ ದಿನ ತಿಂಡಿ ತಿನ್ನಲ್ಲ. ಬಿಪಿ ಬೇರೆ ಇದೆ.”

ಮನೆಗೆ ಬಂದ ನೆಂಟರೊಬ್ಬರು, “ಗಂಡ ಹೋಗಿ ವರ್ಷ ಆಗಿಲ್ಲ, ಈಕೆಗೆ ಮ್ಯಾಚಂತೆ” ಅಂದರಂತೆ. ಆ ಮಾತು ಮಗನಿಗೆ ಚುಚ್ಚಿದೆ. ಡಿಶ್ ರೀಚಾರ್ಜ್ ಮಾಡಿಸುವುದನ್ನೇ ನಿಲ್ಲಿಸಿದರು. ಆಮೇಲೆ ಅಮ್ಮ ಸಂಜೆ ಏಳಕ್ಕೇ ಕೋಣೆ ಸೇರತೊಡಗಿದರು. ಮಲಗುತ್ತಾರೆ, ನಿದ್ದೆ ಇಲ್ಲ. ಊಟವೂ ಕಡಿಮೆ ಆಯಿತು.

ಮಗನನ್ನು ಹೊರಗೆ ಕೂರಿಸಿ ಅಮ್ಮನ ಜೊತೆ ಮಾತಾಡಿದೆ. ಮೊದಲ ಹತ್ತು ನಿಮಿಷ ಬರೀ “ಏನಿಲ್ರಿ” ಅನ್ನುತ್ತಿದ್ದರು. ಮ್ಯಾಚ್ ಬಗ್ಗೆ ಕೇಳಿದ ಮೇಲೆ ಮುಖ ಎತ್ತಿದರು.

ಮದುವೆಯಾದಾಗಿನಿಂದ ಅವರು ಕ್ರಿಕೆಟ್ ಕೇಳಿದ್ದು ಅಡುಗೆಮನೆಯಿಂದಲೇ. ಯಜಮಾನರು ನಡುಮನೆಯಿಂದ “ಲೇ, ಬಾರೆ ಇಲ್ಲಿ, ಔಟಾದ” ಅಂತ ಕೂಗುವುದು, ಇವರು ಸೌಟು ಹಿಡಿದೇ ಬಾಗಿಲಿಗೆ ಬರುವುದು. ಮಧ್ಯದ ಬಿಡುವಿನಲ್ಲಿ ಮಂಡಕ್ಕಿ ಕಲಸಿ ಕೊಡುವುದು. ನಮ್ಮೂರಿನ ವಿನಯ್ ಕುಮಾರ್ ನಾಯಕನಾಗಿ ಕರ್ನಾಟಕ 2013–14, 2014–15ರಲ್ಲಿ ಸಾಲಾಗಿ ರಣಜಿ ಗೆದ್ದಾಗ ಯಜಮಾನರು ಓಣಿಗೆಲ್ಲ ಪೇಡ ಹಂಚಿದ್ದರಂತೆ. ಆರ್‌ಸಿಬಿ ಕಪ್ಪಿಗಾಗಿ 18 ವರ್ಷ ಕಾದರು. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಗೆದ್ದಾಗ ಇಬ್ಬರೂ ಅತ್ತರು. ಅದಾಗಿ ಎರಡೇ ತಿಂಗಳಿಗೆ ಅವರು ತೀರಿಕೊಂಡರು.

“ಮೊನ್ನೆ ಯಾಕೆ ಅತ್ರಿ?” ಅಂದೆ.

“ನಾವು ಸೋತ್ವಿ ಮೇಡಂ.”

ಆ ‘ನಾವು’ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿಯವರೆಗೆ ಅವರ ಬಾಯಲ್ಲಿ ಬಂದಿದ್ದೆಲ್ಲ ‘ನಾನು’. ನಾನೊಬ್ಬಳೇ ಏಳ್ತೀನಿ, ನಾನೊಬ್ಬಳೇ ಕಾಫಿ ಕುಡಿತೀನಿ. ಮ್ಯಾಚಿನ ಮಾತು ಬಂದಾಗ ಮಾತ್ರ ‘ನಾವು’.

ಮಗನನ್ನು ಒಳಗೆ ಕರೆದು ಇದನ್ನೇ ಬಿಡಿಸಿ ಹೇಳಿದೆ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಕಾಲೇಜು ತಂಡ ಗೆದ್ದರೆ ವಿದ್ಯಾರ್ಥಿಗಳು ‘ನಾವು ಗೆದ್ದೆವು’ ಅನ್ನುತ್ತಿದ್ದರು. ಸೋತರೆ ‘ಅವರು ಸೋತರು’ ಅನ್ನುವುದು ಜಾಸ್ತಿ. ನಿಮ್ಮಮ್ಮ ಸೋತಾಗಲೂ ‘ನಾವು’ ಅಂತಾರೆ. ಅಷ್ಟು ಹಚ್ಚಿಕೊಂಡಿದ್ದಾರೆ. ಆ ಗುಂಪಿನಲ್ಲಿ ನಿಮ್ಮಪ್ಪನೂ ಇದ್ದಾರೆ ಅಲ್ವಾ? ಅವರು ಮಾತಾಡುತ್ತಿರುವುದು ಟಿವಿ ಜೊತೆಗಲ್ಲ.

ಮಗ ತಲೆ ತಗ್ಗಿಸಿದರು. ತಪ್ಪು ಹೊರಿಸುವ ಮನಸ್ಸು ನನಗಿರಲಿಲ್ಲ. ಅವರೂ ಅಪ್ಪನನ್ನು ಕಳೆದುಕೊಂಡವರೇ. ಅವರು ಅಪ್ಪನ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದರು, ಅಷ್ಟೇ.

ಸಾಯುವ ಯೋಚನೆ ಬರುತ್ತದೆಯೇ ಎಂದು ಅಮ್ಮನನ್ನು ನೇರವಾಗಿಯೇ ಕೇಳಿದ್ದೆ. ಅದನ್ನು ಕೇಳಲು ನಾನು ಹಿಂಜರಿಯುವುದಿಲ್ಲ. ಇಲ್ಲ ಅಂದರು. “ಸಂಜೆ ಆದ್ರೆ ಮಾತ್ರ ಭಯ ಆಗುತ್ರೀ. ಏಳೂವರೆಗೆ ಮ್ಯಾಚ್ ಶುರುವಾದ್ರೆ ಮನೇಲಿ ಜನ ಇದ್ದಂಗಿರುತ್ತೆ.” ದಿನದ ಅತಿ ಕಷ್ಟದ ನಾಲ್ಕು ಗಂಟೆ ದಾಟಲು ಅವರೇ ಒಂದು ದಾರಿ ಹುಡುಕಿಕೊಂಡಿದ್ದರು. ನಾವು ಅದನ್ನು ಮುಚ್ಚಿಬಿಟ್ಟಿದ್ದೆವು.

ಹಾಗಾಗಿ ಮೊದಲ ಸಲಹೆ, ಇವತ್ತೇ ರೀಚಾರ್ಜ್ ಮಾಡಿಸಿ. ಎರಡನೆಯದು ಮಗನಿಗೆ ಕಷ್ಟದ್ದು. ಮೊದಲ ಆರು ಓವರ್, ಅಂದರೆ ಪವರ್‌ಪ್ಲೇ ಮುಗಿಯುವವರೆಗೆ, ಮೊಬೈಲ್ ಬದಿಗಿಟ್ಟು ಅಮ್ಮನ ಪಕ್ಕ ಕೂರಬೇಕು. ಅಪ್ಪನ ಮಾತು ಬಂದರೆ ಬೇರೆ ಮಾತು ತೆಗೆಯಬಾರದು. ಮಧ್ಯದ ಬಿಡುವಿನಲ್ಲಿ ಅಮ್ಮ ಹರಿಹರದಲ್ಲಿರುವ ತಂಗಿಗೆ ಫೋನ್ ಮಾಡಬೇಕು. ಒಬ್ಬರೇ ನೋಡುವುದು ಬೇಡ ಅನ್ನುವುದು ನನ್ನ ಉದ್ದೇಶ. ಪಂದ್ಯ ನೋಡುವುದರಲ್ಲಿ ಮನಸ್ಸಿಗೆ ಸಿಗುವ ಲಾಭದ ದೊಡ್ಡ ಪಾಲು ಜೊತೆಯಿಂದ ಬರುತ್ತದೆ.

ಬಿಪಿ ವಿಷಯದಲ್ಲಿ ಮಗನ ಭಯ ಸುಳ್ಳಲ್ಲ. 2006ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ, ತಮ್ಮ ದೇಶ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ ಎರಡೂವರೆ ಪಟ್ಟು ದಾಟಿದ್ದವು. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಜಾಸ್ತಿ. ಅದಕ್ಕೇ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ, ಮ್ಯಾಚ್ ನೋಡುವ ವಿಷಯವನ್ನೂ ಹೇಳಿ ಅಂದೆ. ಮಾತ್ರೆ ತಪ್ಪಿಸುವಂತಿಲ್ಲ. ಮಂಡಕ್ಕಿ ಇರಲಿ, ಪಕ್ಕದ ಮಿರ್ಚಿ ಬೇಡ. ಕೊನೆಯ ಓವರಿನಲ್ಲಿ ತಡೆಯಲಾಗದಷ್ಟು ತಳಮಳವಾದರೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ, ಸ್ಕೋರ್ ಆಮೇಲೂ ಸಿಗುತ್ತದೆ. ಎದೆ ಬಿಗಿತ, ಕೈಗೋ ದವಡೆಗೋ ನೋವು, ತಣ್ಣನೆ ಬೆವರು, ಉಸಿರಾಡಲು ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಮ್ಯಾಚ್ ಮುಗಿಯಲಿ ಅಂತ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಸೋತ ಮಾರನೇ ದಿನದ ತಿಂಡಿಗೆ ಅಮ್ಮನೇ ದಾರಿ ಹೇಳಿದರು. ತಂಡ ಸೋತರೆ ಯಜಮಾನರು ಮಾರನೇ ಬೆಳಿಗ್ಗೆ ಕುಂದವಾಡ ಕೆರೆ ಕಡೆ ನಡೆದು, ಬರುವಾಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದರಂತೆ. ಈಗ ಮೊಮ್ಮಗನ ಜೊತೆ ಅಮ್ಮ ಹೋಗುತ್ತಾರೆ. ಬೆಣ್ಣೆ ಕಡಿಮೆ ಹಾಕಿಸಿ ಅಂದಿದ್ದೇನೆ.

ಐದು ವಾರದಲ್ಲಿ ನಾಲ್ಕು ಸಲ ಬಂದರು. ನಿದ್ದೆ ಸುಧಾರಿಸಿದೆ, ಊಟವೂ. ಅಳು ನಿಂತಿಲ್ಲ, ನಿಲ್ಲಬೇಕೆಂದು ನಾನು ಹೇಳಿಯೂ ಇಲ್ಲ. ನೆಂಟರ ಮಾತಿಗೆ ಈಗ ಮಗನೇ ಉತ್ತರ ಕೊಡುತ್ತಾರೆ.

ಐಪಿಎಲ್ ಮುಗಿದ ಮೇಲೆ ಸಂಜೆಗಳು ಮತ್ತೆ ಖಾಲಿಯಾಗುತ್ತವೆ ಎಂಬುದು ನನ್ನ ಚಿಂತೆಯಾಗಿತ್ತು. ಇಂಗ್ಲೆಂಡಿನ 7,209 ವಯಸ್ಕರ ಮಾಹಿತಿ ನೋಡಿದ 2023ರ ಅಧ್ಯಯನವೊಂದರಲ್ಲಿ, ಮೈದಾನಕ್ಕೇ ಹೋಗಿ ಆಟ ನೋಡುವವರಲ್ಲಿ ಒಂಟಿತನ ಕಡಿಮೆ, ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಎಂದು ಕಂಡಿತ್ತು. ಮೊದಲೇ ಖುಷಿಯಾಗಿರುವವರೇ ಮೈದಾನಕ್ಕೆ ಹೆಚ್ಚು ಹೋಗುತ್ತಾರೆ ಎನ್ನುವುದೂ ಇರಬಹುದು. ಆದರೂ ಪ್ರಯತ್ನಿಸಿ ಅಂದೆ. ದೊಡ್ಡ ಸ್ಟೇಡಿಯಂ ಬೇಕಿಲ್ಲ. ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಪಂದ್ಯ ಆದೀತು, ದುಗ್ಗಮ್ಮನ ಜಾತ್ರೆಯ ಕುಸ್ತಿ ಆದೀತು.

ಕುಸ್ತಿ ಅಂದ ಕೂಡಲೇ ಅಮ್ಮ ನೆಟ್ಟಗೆ ಕೂತರು. ತವರಿನಲ್ಲಿ ಅವರ ಅಪ್ಪ ಗರಡಿಮನೆಗೆ ಹೋಗುತ್ತಿದ್ದವರಂತೆ. ಮಗನಿಗೆ ಅದು ಗೊತ್ತೇ ಇರಲಿಲ್ಲ. “ಯಾವ ಪಟ್ಟು ಹಾಕ್ತಿದ್ರು ಅಜ್ಜ?” ಅಂತ ಕೇಳಿದರು. ನನ್ನ ಗಂಟೆ ಮುಗಿದಿತ್ತು, ಆದರೂ ಎಬ್ಬಿಸಲಿಲ್ಲ.