ಬ್ರೆಜಿಲ್ ಸಂಗೀತ ಅಮೆರಿಕದ ಜಾಝ್‌ನಲ್ಲಿ ಏನನ್ನು ಬದಲಾಯಿಸಿತು?

ಮುಖ್ಯವಾಗಿ ಲಯವನ್ನು, ಆಮೇಲೆ ಹಾಡುವ ದನಿಯನ್ನು.

ಬ್ರೆಜಿಲ್‌ನ ಸಾಂಬಾ ಅಂದರೆ ಬೀದಿಯ ಡ್ರಮ್‌ಗಳ ಅಬ್ಬರ ಅಲ್ವಾ? 1950ರ ದಶಕದ ಕೊನೆಗೆ ಅಲ್ಲಿನ ಗಾಯಕ, ಗಿಟಾರ್ ವಾದಕ ಜೊವಾವ್ ಜಿಲ್ಬೆರ್ಟೊ ಅದನ್ನೆಲ್ಲ ಒಂದೇ ಗಿಟಾರ್‌ಗೆ ಇಳಿಸಿದರು: ಹೆಬ್ಬೆರಳು ದೊಡ್ಡ ಡ್ರಮ್ಮಿನ ಹಾಗೆ ಸಮನಾಗಿ ಮೀಟುತ್ತದೆ, ಉಳಿದ ಬೆರಳುಗಳು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳನ್ನು) ಆ ಬಡಿತದ ಆಚೀಚೆ ಇಡುತ್ತವೆ, ಮೇಲೆ ಪಿಸುಮಾತಿನಂಥ ದನಿ. ಇದೇ ಬೋಸಾ ನೋವಾ. ಜಾಝ್‌ನ ತೂಗುವ ಲಯವಾದ ಸ್ವಿಂಗ್‌ನಲ್ಲಿ ಒಂದು ಬಡಿತದ ಎರಡು ಭಾಗಗಳು ಒಂದು ಉದ್ದ, ಒಂದು ಗಿಡ್ಡ. ಇಲ್ಲಿ ಎರಡೂ ಸಮ.

1962ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಮತ್ತು ಗಿಟಾರ್ ವಾದಕ ಚಾರ್ಲಿ ಬರ್ಡ್ ವಾಷಿಂಗ್ಟನ್‌ನ ಒಂದು ಚರ್ಚ್‌ನಲ್ಲಿ ‘ಜಾಝ್ ಸಾಂಬಾ’ ರೆಕಾರ್ಡ್ ಮಾಡಿದರು. ಅದು ಪಾಪ್ ಆಲ್ಬಮ್‌ಗಳ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೆ ಹೋಯಿತು. ಮುಂದೆ ಗೆಟ್ಜ್ ಮತ್ತು ಜೊವಾವ್ ಸೇರಿ ಮಾಡಿದ ‘ಗೆಟ್ಜ್/ಜಿಲ್ಬೆರ್ಟೊ’ ಆಲ್ಬಮ್ ಬಂತು. ಅದರಲ್ಲಿ ಜೊವಾವ್ ಅವರ ಆಗಿನ ಪತ್ನಿ, ಅಷ್ಟೇನೂ ಅನುಭವವಿಲ್ಲದ ಆಸ್ಟ್ರುಡ್ ಜಿಲ್ಬೆರ್ಟೊ ‘ದ ಗರ್ಲ್ ಫ್ರಮ್ ಇಪನೇಮಾ’ (ಇಪನೇಮಾ ರಿಯೊದ ಒಂದು ಕಡಲತೀರ) ಹಾಡನ್ನು ಇಂಗ್ಲಿಷ್‌ನಲ್ಲಿ ಹಾಡಿದರು, ಸುಮ್ನೆ ಮಾತಾಡಿದ ಹಾಗೆ, ಒಂದಿಷ್ಟೂ ಎಳೆದಾಟ ಇಲ್ಲದೆ. ನನಗೆ ಆ ಸರಳತೆಯೇ ಜಾಸ್ತಿ ಇಷ್ಟ. ಆಲ್ಬಮ್‌ಗೆ ಗ್ರ್ಯಾಮಿಯೂ ಸಿಕ್ಕಿತು.

ಈ ಸಂಗೀತವನ್ನು ಪಾಪ್ ಕಡೆ ಒಯ್ದವರಲ್ಲಿ ಬ್ರೆಜಿಲ್‌ನ ಪಿಯಾನೊ ವಾದಕ ಸೆರ್ಜಿಯೊ ಮೆಂಡೆಸ್ ಇದ್ದರು. 1967ರಲ್ಲಿ ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಕೂಡ ಬೋಸಾ ನೋವಾದ ಸಂಗೀತ ಸಂಯೋಜಕ ಆಂಟೋನಿಯೊ ಕಾರ್ಲೋಸ್ ಜೋಬಿಮ್ ಜೊತೆ ಒಂದು ಆಲ್ಬಮ್ ತಂದರು. ಅಷ್ಟು ದೊಡ್ಡ ಗಾಯಕ ಅಲ್ಲಿ ಎಷ್ಟು ಮೆಲ್ಲಗೆ ಹಾಡಿದ್ದಾರೆ, ಒಮ್ಮೆ ಕೇಳಿ ನೋಡಿ.