ಕೆಸುವಿನೆಲೆಯ ಪೊಟ್ಯಾಸಿಯಂ ಎಲ್ಲಿ ಹೋಯಿತು?

ಪ್ರಶ್ನೆ: ಕೆಸುವಿನೆಲೆಯ ತುಣುಕುಗಳನ್ನು ಕೆಡದಂತೆ ಹಿಡಿದಿಡುವ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿಟ್ಟು, ಆಲ್ಕೋಹಾಲಿನಲ್ಲಿ ನೀರು ತೆಗೆದು, ಚಿನ್ನದ ಲೇಪ ಕೊಟ್ಟು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಡಿಎಸ್ (ಎಲೆಕ್ಟ್ರಾನ್ ಬಡಿದಾಗ ಹೊಮ್ಮುವ ಎಕ್ಸ್-ರೇಗಳಿಂದ ಧಾತುಗಳನ್ನು ಗುರುತಿಸುವ ಪರೀಕ್ಷೆ) ಮಾಡಿಸಿದೆ. ವರದಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ರಂಜಕ ಶೇ 4, ಪೊಟ್ಯಾಸಿಯಂ ಸೊನ್ನೆ. ಹೀಗೆಯೇ ಪ್ರಬಂಧದಲ್ಲಿ ಬರೆಯಲೇ?
– ಸಸ್ಯಶಾಸ್ತ್ರ ವಿದ್ಯಾರ್ಥಿನಿ, ಶಿರಸಿ

ಉತ್ತರ: ದಯವಿಟ್ಟು ಬೇಡ. ಪೊಟ್ಯಾಸಿಯಂ ಇಲ್ಲದೆ ಬದುಕುವ ಎಲೆಯಿಲ್ಲ. ನಿಮ್ಮದು ಸಿಂಕಿಗೆ ಚೆಲ್ಲಿದ ದ್ರಾವಣದ ಜೊತೆ ಹೋಗಿದೆ. ಗ್ಲುಟರಾಲ್ಡಿಹೈಡ್ ಪ್ರೋಟೀನುಗಳನ್ನು ಕಟ್ಟಿಹಾಕುತ್ತದೆ ನಿಜ, ಆದರೆ ಜೀವಕೋಶದ ಪೊರೆ ಸೋರತೊಡಗುತ್ತದೆ. ಪೊಟ್ಯಾಸಿಯಂ, ಸೋಡಿಯಂ, ಕ್ಲೋರಿನ್ ಅಯಾನುಗಳು ಹೊರಬೀಳುತ್ತವೆ. ಕ್ಯಾಲ್ಸಿಯಂ ಉಳಿದಿದ್ದು ಆಕ್ಸಲೇಟ್ ಹರಳಾಗಿದ್ದುದರಿಂದ. ಹುಣಸೆ ಸಾಲದ ಪತ್ರೊಡೆ ತಿಂದರೆ ಗಂಟಲು ಕೆರೆಯುತ್ತದಲ್ಲ, ಆ ಸೂಜಿಗಳೇ ಇವು. ನೀರಿಗೆ ಜಗ್ಗುವುದಿಲ್ಲ.

ಆ ರಂಜಕವನ್ನೂ ನಂಬಬೇಡಿ. ಪ್ರತಿ ಧಾತುವಿನ ಎಕ್ಸ್-ರೇ ತನ್ನದೇ ಶಕ್ತಿಯಲ್ಲಿ ಒಂದು ಪೀಕ್ (ಶಿಖರ) ಆಗಿ ಕಾಣುತ್ತದೆ. ರಂಜಕದ ಪೀಕ್ 2.01 ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ, ಚಿನ್ನದ್ದು 2.12ರಲ್ಲಿ. ಡಿಟೆಕ್ಟರಿಗೆ ಇವೆರಡನ್ನು ಬಿಡಿಸಿ ನೋಡುವಷ್ಟು ಕಣ್ಣು ಸೂಕ್ಷ್ಮವಲ್ಲ. ಮುಂದಿನ ಸಲ ಇಂಗಾಲದ ಲೇಪ ಕೇಳಿ. ಕೋಶದ ಭಾಗಗಳು ಎದ್ದು ಕಾಣಲೆಂದು ಹಾಕುವ ಭಾರಲೋಹಗಳದ್ದೂ ಇದೇ ಕಥೆ. ಆಸ್ಮಿಯಂ ಬಳಸಿದರೂ ರಂಜಕಕ್ಕೆ ಇದೇ ಗತಿ; ಸೀಸದ ಬಣ್ಣದ ಪೀಕ್ ಗಂಧಕದ್ದನ್ನು ಮುಚ್ಚುತ್ತದೆ, ಯುರೇನಿಯಂನದ್ದು ಪೊಟ್ಯಾಸಿಯಂ ಪಕ್ಕದಲ್ಲೇ ಕೂರುತ್ತದೆ.

ಇನ್ನು ಆ 'ತೂಕದ ಶೇಕಡಾ' ಎಂಬ ಕಾಲಂ. ಅಡ್ಡ-ಉದ್ದ ಕೂಡಿದರೂ 100 ಬರಲೇಬೇಕೆಂದು ಹಟ ಹಿಡಿದ ಗುಮಾಸ್ತನ ಹಾಗೆ ಸಾಫ್ಟ್‌ವೇರ್ ಅದನ್ನು ತುಂಬಿರುತ್ತದೆ. ಜಲಜನಕ ಅದರ ಕಣ್ಣಿಗೆ ಬೀಳುವುದೇ ಇಲ್ಲ, ಆದರೂ ಮೊತ್ತ 100! ಉಕ್ಕಿನ ತುಂಡಿಗೆ ಈ ಲೆಕ್ಕ ಒಪ್ಪುತ್ತದೆ, ಉಬ್ಬುತಗ್ಗಿನ ಎಲೆಗಲ್ಲ.

ಅಯಾನುಗಳೇ ಬೇಕೆಂದರೆ ತುಣುಕನ್ನು ದ್ರವ ಸಾರಜನಕದಿಂದ ತಣಿಸಿದ ಪ್ರೊಪೇನ್ ಅಥವಾ ಈಥೇನ್‌ಗೆ ಥಟ್ಟನೆ ಅದ್ದಬೇಕು, ಹೆಪ್ಪುಗಟ್ಟಿದಂತೆಯೇ ತೆಳುವಾಗಿ ಕೊಯ್ಯಬೇಕು, ಹಾಗೆಯೇ ಒಣಗಿಸಬೇಕು. ತಾಳ್ಮೆ ಬೇಡುವ ಕೆಲಸ, ಒಳದಾರಿಯಿಲ್ಲ.

ಪ್ರಶ್ನೆ: ಯಂತ್ರ ಎಣಿಸುವುದು ಎಕ್ಸ್-ರೇಗಳನ್ನು. ಸಾಂದ್ರತೆ ಎಲ್ಲಿಂದ ಬಂತು?
– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ

ಉತ್ತರ: ಕೇಳಬೇಕಾದ್ದನ್ನೇ ಕೇಳಿದ್ದೀರಿ, ಸರ್. 'ಎಷ್ಟು' ಎನ್ನುವ ಮೊದಲು 'ಯಾವುದರಲ್ಲಿ ಎಷ್ಟು' ಎನ್ನಬೇಕು. ಎಲೆಕ್ಟ್ರಾನುಗಳು ಬಡಿದಾಗ ಪ್ರತಿ ಧಾತುವಿನ ಪೀಕಿನ ಜೊತೆಗೆ ಸ್ಪೆಕ್ಟ್ರಮ್‌ನುದ್ದಕ್ಕೂ ಒಂದು ಹಿನ್ನೆಲೆ ವಿಕಿರಣ ಹರಡಿಕೊಂಡಿರುತ್ತದೆ. ಎಲ್ಲರೂ ಅದನ್ನು ಕಸವೆಂದು ಕಳೆದು ಎಸೆಯುತ್ತಾರೆ. ತೆಳುವಾಗಿ ಕೊಯ್ದ ತುಣುಕಿನಲ್ಲಿ ಆ ಹಿನ್ನೆಲೆಯೇ ಕಿರಣ ಹಾಯ್ದ ಜಾಗದ ಒಟ್ಟು ದ್ರವ್ಯರಾಶಿಯ ಅಳತೆ ಎಂದು ಹಿಡಿದವರು ಭೌತವಿಜ್ಞಾನಿ ಥಿಯೊಡೋರ್ ಹಾಲ್. ಪೀಕನ್ನು ಹಿನ್ನೆಲೆಯಿಂದ ಭಾಗಿಸಿ, ಗೊತ್ತಿರುವಷ್ಟು ಲವಣ ಬೆರೆಸಿದ ಜೆಲಾಟಿನ್‌ನಂಥ ಮಾದರಿಯೊಂದಿಗೆ ಹೋಲಿಸಿದರೆ ಪ್ರತಿ ಕಿಲೋ ಒಣತೂಕಕ್ಕೆ ಎಷ್ಟು ಮಿಲಿಮೋಲ್ (ಪರಮಾಣುಗಳ ಸಂಖ್ಯೆಯನ್ನು ಅಳೆಯುವ ಮೋಲ್‌ನ ಸಾವಿರದ ಒಂದು ಪಾಲು) ಎಂದು ಸಿಗುತ್ತದೆ.

ಒಣತೂಕ ಎಂಬುದನ್ನು ಮರೆಯಬಾರದು. 500 ಮಿಲಿಮೋಲ್ ಪೊಟ್ಯಾಸಿಯಂ ಬಂತೆನ್ನಿ. ಆ ಕೋಶ ಶೇ 80 ನೀರಾಗಿದ್ದರೆ ಹಸಿ ತೂಕದ ಕಿಲೋಗೆ 100 ಮಾತ್ರ. ಕಿಲೋ ನೀರಿಗೆಂದರೆ 125. ಮೂರೂ ಸರಿ. ಯಾವುದೆಂದು ಬರೆಯದ ಪ್ರಬಂಧಗಳನ್ನು ನಾನು ಪಕ್ಕಕ್ಕಿಡುತ್ತೇನೆ.

ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ವಿಜ್ಞಾನಿ ಸೊಮ್ಲಿಯೊ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಕಪ್ಪೆ ಸ್ನಾಯುವಿನ ಅಳತೆ ನೋಡಿ. ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಚೀಲಗಳಲ್ಲಿ ಕಿಲೋ ಒಣತೂಕಕ್ಕೆ 117 ಮಿಲಿಮೋಲ್. ಸ್ನಾಯು ಸೆಟೆದು ನಿಂತ 1.2 ಸೆಕೆಂಡಿನಲ್ಲಿ ಅದರ ಶೇ 59 ಹೊರಗೆ.

ಅಂದಹಾಗೆ, ಈ ಹಾಲ್ 18ನೇ ವಯಸ್ಸಿಗೇ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬ್ ಕೆಲಸಕ್ಕೆ ಸೇರಿ, ಅದರ ಗುಟ್ಟನ್ನು ಸೋವಿಯತ್ ಒಕ್ಕೂಟಕ್ಕೆ ದಾಟಿಸಿದವರು. ಜಗತ್ತಿಗೆ ಅದು ತಿಳಿದದ್ದು 1990ರ ದಶಕದಲ್ಲಿ. 1962ರಿಂದ ಕೇಂಬ್ರಿಜ್‌ನಲ್ಲಿ ಅವರು ಕೋಶಗಳ ಲವಣ ಲೆಕ್ಕ ಹಾಕುತ್ತಿದ್ದರು.

ಪ್ರಶ್ನೆ: ಮಗುವಿನ ಕೂದಲಲ್ಲಿ ಸೀಸವಿದೆಯೇ ಎಂದು ಇದರಲ್ಲಿ ನೋಡಬಹುದೇ?
– ಓದುಗ, ಬಳ್ಳಾರಿ

ಉತ್ತರ: ಆಗದು. ಸಾವಿರಕ್ಕೆ ಒಂದು ಪಾಲಿನಷ್ಟಾದರೂ ಇಲ್ಲದಿದ್ದರೆ ಇಡಿಎಸ್‌ಗೆ ಕಾಣುವುದು ಕಷ್ಟ. ಕೂದಲಿನ ಸೀಸವನ್ನು ಹತ್ತು ಲಕ್ಷಕ್ಕೆ ಇಷ್ಟು ಭಾಗವೆಂದು ಎಣಿಸುತ್ತಾರೆ. ಸಾಲದ್ದಕ್ಕೆ ಕೂದಲಿನ ಗಂಧಕದ ಪೀಕ್ ಸೀಸದ ಪೀಕನ್ನೇ ನುಂಗುತ್ತದೆ. ವೈದ್ಯರಿಗೆ ಹೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಿ.