ಕರೆಂಟ್ ಪಿಕಪ್: ಎಷ್ಟೊತ್ತು ಚಾರ್ಜ್, ಎಲ್ಲಿ ಚಾರ್ಜ್?

ಪ್ರಶ್ನೆ: ಸಾರ್, ನಮ್ದು ಚಿಂತಾಮಣಿ ಹತ್ರ ಹಳ್ಳಿ, ಟೊಮೇಟೊ ಬಾಕ್ಸ್ ಬೆಂಗಳೂರಿಗೆ ಹೊಡೀತೀನಿ. ಡೀಸೆಲ್ ಗಾಡಿ ಮಾರಿ ಟಾಟಾ ಏಸ್ ಇವಿ ತಗೊಳ್ಳೋಣ ಅಂತಿದೀನಿ. ಮನೆ ಪ್ಲಗ್ಗಲ್ಲಿ ಹಾಕಿದ್ರೆ ಎಷ್ಟೊತ್ತಿಗೆ ಫುಲ್ ಆಗುತ್ತೆ? ಒಂದೇ ಚಾರ್ಜಲ್ಲಿ ಹೋಗಿ ಬರಬಹುದಾ?
– ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಮೊದ್ಲು ಲೆಕ್ಕ ಹಾಕೋದು ಕಲ್ತ್ಕೊಳ್ಳಿ, ಆಮೇಲೆ ಯಾವ ಶೋರೂಮಿನವರೂ ನಿಮಗೆ ಏನೂ ಹೇಳ್ಕೊಡ್ಬೇಕಾಗಿಲ್ಲ. 2022ರಲ್ಲಿ ಬಂದ ಏಸ್ ಇವಿ ಬ್ಯಾಟರಿ 21.3 ಯೂನಿಟ್. ಮನೆಯ 15 ಆಂಪ್ ಪ್ಲಗ್ ಗಂಟೆಗೆ ಹೆಚ್ಚು ಕಮ್ಮಿ ಮೂರು ಚಿಲ್ಲರೆ ಯೂನಿಟ್ ಕೊಡುತ್ತೆ. ಭಾಗಿಸಿ ನೋಡಿ, ಚಾರ್ಜ್ ಆಗೋವಾಗ ಸ್ವಲ್ಪ ಕರೆಂಟ್ ಬಿಸಿಯಾಗಿ ಹೋಗೋದೂ ಸೇರಿ ಏಳು ಗಂಟೆ ಬರುತ್ತೆ. ರಾತ್ರಿ ಊಟ ಆದ್ಮೇಲೆ ಸಿಗಿಸಿದ್ರೆ ಬೆಳಗಿನ ಜಾವ ಗಾಡಿ ರೆಡಿ. ಫಾಸ್ಟ್ ಚಾರ್ಜಿಂಗ್‌ಗೆ ಕಂಪನಿ ಹೇಳೋದು 105 ನಿಮಿಷ. ಇನ್ನೂ ದೊಡ್ಡ ಚಾರ್ಜರ್‌ಗೆ ಹಾಕಿದ್ರೆ ಬೇಗ ಆಗುತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಇಲ್ಲ, ಎಷ್ಟು ಬೇಕು ಅಂತ ಕೇಳೋದು ಗಾಡಿ, ಚಾರ್ಜರ್ ಅಲ್ಲ. 60 ಕಿಲೋವ್ಯಾಟ್ ಮೆಷಿನ್ ಮುಂದೆ ನಿಲ್ಲಿಸಿದ್ರೂ ಗಾಡಿ ತನ್ನ ಕೈಲಾದಷ್ಟೇ ಎಳ್ಕೊಳ್ಳೋದು.

ಇನ್ನು ಹೋಗಿ ಬರೋದು. ಬ್ರೋಷರಲ್ಲಿ 154 ಕಿಮೀ ಅಂತಿದೆ, ಅದು ಟೆಸ್ಟ್ ಲೆಕ್ಕ. 600 ಕೆಜಿ, ಅಂದ್ರೆ 15 ಕೆಜಿಯ 40 ಬಾಕ್ಸ್ ಪೇರಿಸ್ಕೊಂಡು ಹೈವೇಲಿ ಹೋಗೋವಾಗ 100 ಕಿಮೀ ಆಸುಪಾಸು ಅಂತ ಇಟ್ಕೊಂಡೇ ಪ್ಲಾನ್ ಮಾಡಿ. ನಿಮಗೆ ಒಂದ್ ಕಡೆಗೇ 75 ಕಿಮೀ ಹತ್ರ ಆಗುತ್ತೆ, ಹಾಗಾಗಿ ಒಂದೇ ಚಾರ್ಜಲ್ಲಿ ಹೋಗಿ ಬರ್ತೀನಿ ಅನ್ನೋ ಆಸೆ ಬಿಟ್ಬಿಡಿ. ಆದ್ರೆ ಲೋಡ್ ಇಳಿಸಿ, ತಿಂಡಿ ತಿಂದು, ಮಂಡೀಲಿ ದುಡ್ಡು ಈಸ್ಕೊಳ್ಳೋವರೆಗೆ ಗಾಡಿ ಹೇಗಿದ್ರೂ ಎರಡು ಗಂಟೆ ಸುಮ್ನೆ ನಿಂತಿರುತ್ತಲ್ಲ, ಆ ಹೊತ್ತಲ್ಲಿ ಚಾರ್ಜ್ ಆಗೋ ಜಾಗ ಮಾರ್ಕೆಟ್ ಹತ್ರ ಇದ್ಯಾ, ಅಲ್ಲಿ ಬೆಳಗ್ಗೆ ಆರಕ್ಕೆ ಗೂಡ್ಸ್ ಗಾಡಿ ಒಳಗೆ ಬಿಡ್ತಾರಾ, ಅದನ್ನ ಈಗಿರೋ ಡೀಸೆಲ್ ಗಾಡೀಲೇ ಹೋಗಿ ನೋಡ್ಕೊಂಡು ಬನ್ನಿ, ಅಡ್ವಾನ್ಸ್ ಕೊಡೋಕೆ ಮುಂಚೆ. ಚಾರ್ಜರ್ ತೋರ್ಸೋ ಆ್ಯಪಲ್ಲಿ ಹಸಿರು ಚುಕ್ಕೆ ಕಂಡ್ರೆ ಸಾಲದು. ಜಾಗ ಸಿಕ್ಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ನಿಮ್ಮ ರೂಟಿಗೆ ಈ ಗಾಡಿ ಬೇಡ ಅಂತ ನೇರವಾಗೇ ಹೇಳ್ತೀನಿ.

ವೈರಿಂಗ್ ವಿಷಯಕ್ಕೆ ಬರೋಣ, ನನಗೆ ಭಯ ಇರೋದೇ ಇಲ್ಲಿ. ಗೀಸರ್ ಅರ್ಧ ಗಂಟೆ ಓಡುತ್ತೆ, ಗಾಡಿ ಏಳು ಗಂಟೆ ಒಂದೇ ಸಮ ಫುಲ್ ಲೋಡ್ ಎಳೀತಾ ಇರುತ್ತೆ. ಸಾಕೆಟ್ ಒಳಗಿನ ಸ್ಕ್ರೂ ಸ್ವಲ್ಪ ಲೂಸ್ ಇದ್ರೂ ಸಾಕು, ಮೊದ್ಲು ಪ್ಲಗ್ಗಿನ ಪಿನ್ ಕಂದು ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಸುಟ್ಟ ವಾಸನೆ ಬರುತ್ತೆ. ಪಿನ್ ಬಣ್ಣ ಬದಲಾದ ದಿನವೇ ಸಾಕೆಟ್ ಬದಲಾಯಿಸಿ. ಮೀಟರ್ ಬೋರ್ಡಿಂದ ಬೇರೆಯೇ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೊಂದು ಸ್ವಂತ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್), ಸರಿಯಾದ ಅರ್ಥಿಂಗ್, ಇಷ್ಟು ಮಾಡಿಸ್ಲೇಬೇಕು. ಅರ್ಥಿಂಗ್ ಸರಿ ಇಲ್ದಿದ್ರೆ ಎಷ್ಟೋ ಗಾಡಿ ಚಾರ್ಜೇ ತಗೊಳ್ಳಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅದ್ರಲ್ಲೂ ಸುತ್ತಿಟ್ಟ ವೈರ್ ಬೇಡ್ವೇ ಬೇಡ, ಸುರುಳಿ ಒಳಗೆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ಮೀಟರಿನ ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವ್ಯಾಟ್ ಇದ್ರೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಹೆಚ್ಚಿಸ್ಕೊಳ್ಳಿ, ಇವಿ ಚಾರ್ಜಿಂಗ್‌ಗೆ ಅಂತಲೇ ಬೇರೆ ದರ ಇದೆ, ಅದನ್ನೂ ವಿಚಾರಿಸಿ. ಇನ್ನೊಂದು ಮಾತು, ಪಂಪ್‌ಸೆಟ್ಟಿನ ಫ್ರೀ ಕರೆಂಟಿಗೆ ಗಾಡಿ ಸಿಗಿಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ. ಆ ಕರೆಂಟು ಕೊಟ್ಟಿರೋದು ನೀರೆತ್ತೋಕೆ ಮಾತ್ರ, ಸಿಕ್ಕಿಬಿದ್ರೆ ದಂಡ ಕಟ್ಬೇಕಾಗುತ್ತೆ.

ಪ್ರಶ್ನೆ: ಇಲ್ಲಿ ಟೆಕ್ಸಸ್‌ನಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ ಅನ್ನೋ ಕರೆಂಟ್ ಪಿಕಪ್ ಸೆಕೆಂಡ್ ಹ್ಯಾಂಡ್ ನೋಡಿದೀನಿ, ದೊಡ್ಡ ಬ್ಯಾಟರಿದು. ದಿನಾ 40 ಮೈಲಿ ಓಡ್ಸೋದು, ಯಾವಾಗಾದ್ರೂ ಟ್ರೇಲರ್ ಕಟ್ಕೊಂಡು ಆಸ್ಟಿನ್‌ಗೆ ಹೋಗೋದು. ಮನೇಲಿ 80 ಆಂಪ್ ಚಾರ್ಜರ್ ಹಾಕಿಸ್ಲೇಬೇಕು ಅಂತಾರೆ, ಹೌದಾ?
– ಓದುಗರು, ಡಲ್ಲಾಸ್

ಉತ್ತರ: ಬೇಡ. ಆ ಬ್ಯಾಟರಿ 131 ಯೂನಿಟ್, ಏಸ್ ಇವಿದರ ಆರು ಪಟ್ಟು. ಅಲ್ಲಿನ ಮಾಮೂಲಿ 120 ವೋಲ್ಟ್ ಪ್ಲಗ್ಗಲ್ಲಿ ಖಾಲಿಯಿಂದ ತುಂಬೋಕೆ ನಾಲ್ಕು ದಿನವೇ ಹಿಡಿಯುತ್ತೆ, 240 ವೋಲ್ಟ್ 48 ಆಂಪಲ್ಲಿ 13 ಗಂಟೆ, 80 ಆಂಪಲ್ಲಿ ಎಂಟು ಗಂಟೆ. ಆದ್ರೆ ನೀವು ದಿನಾ ಖಾಲಿ ಮಾಡಲ್ವಲ್ಲ! 40 ಮೈಲಿಗೆ ಸುಮಾರು 20 ಯೂನಿಟ್ ಖರ್ಚು, 240 ವೋಲ್ಟ್ 32 ಆಂಪ್ ಸಾಕೆಟ್ ಇದ್ರೂ ಮೂರು ಗಂಟೇಲಿ ವಾಪಸ್ ತುಂಬುತ್ತೆ. 80 ಆಂಪಿಗೆ 100 ಆಂಪ್ ಬ್ರೇಕರ್ ಬೇಕು, ಹಳೇ ಮನೆ ಆದ್ರೆ ಪ್ಯಾನೆಲ್ಲೇ ಬದಲಾಯಿಸ್ಬೇಕಾಗಬಹುದು, ಆ ಡಾಲರ್ ಉಳಿಸಿ.

ಆಸ್ಟಿನ್ ದಾರಿಗೆ ಮಾತ್ರ ಬೇರೆ ಲೆಕ್ಕ. ಖಾಲಿ ಗಾಡಿ 320 ಮೈಲಿ ಅಂತ ರೇಟಿಂಗ್, ದೊಡ್ಡ ಟ್ರೇಲರ್ ಕಟ್ಟಿದ್ರೆ ಅರ್ಧಕ್ಕೆ ಇಳಿಯುತ್ತೆ, ಆಸ್ಟಿನ್‌ವರೆಗಿನ ಹತ್ರ ಹತ್ರ 200 ಮೈಲಿಗೆ ಮಧ್ಯದಲ್ಲಿ ಒಂದ್ ಸಲ ನಿಲ್ಲಿಸ್ಲೇಬೇಕು. ಫಾಸ್ಟ್ ಚಾರ್ಜರಲ್ಲಿ ಶೇಕಡಾ 15ರಿಂದ 80ಕ್ಕೆ 41 ನಿಮಿಷ ಅಂತಾರೆ ಫೋರ್ಡ್‌ನವರು. 80 ದಾಟಿದ್ಮೇಲೆ ತುಂಬೋದು ನಿಧಾನ, ಅಲ್ಲಿಗೆ ಎದ್ದು ಹೊರಡಿ. 2024ರಿಂದ ಟೆಸ್ಲಾ ಸೂಪರ್‌ಚಾರ್ಜರುಗಳೂ ಅಡಾಪ್ಟರ್ ಇದ್ರೆ ಫೋರ್ಡ್‌ಗೆ ಸಿಗುತ್ವೆ, ಆದ್ರೆ ಅಲ್ಲಿನ ಕೇಬಲ್ ಗಿಡ್ಡ, ಎಷ್ಟೋ ಕಡೆ ಟ್ರೇಲರ್ ಕಳಚಿಟ್ಟೇ ಗಾಡಿ ಒಳಗೆ ಹಾಕ್ಬೇಕು. ಮನೆಯವರ ಜೊತೆ ಹೋಗ್ತಿದ್ರೆ ಹಾಗೇ ಮುಂದಕ್ಕೆ ಹಾದು ಹೋಗೋ ಥರದ ಜಾಗ ಇರೋ ಸ್ಟೇಷನ್ ಮೊದ್ಲೇ ಹುಡುಕಿಟ್ಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಮಳೆ ಬಿಡೋದೇ ಇಲ್ಲ. ಮಳೇಲಿ ಗೂಡ್ಸ್ ಗಾಡಿ ಚಾರ್ಜಿಗೆ ಹಾಕಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಹಾಕಬಹುದು. ಗಾಡಿಗೆ ಸಿಗಿಸೋ ಗನ್ ಸರಿಯಾಗಿ ಕೂತು, ಗಾಡಿ ಚಾರ್ಜರ್ ಎರಡೂ ಒಪ್ಪಿದ ಮೇಲೇನೇ ಕರೆಂಟ್ ಹರಿಯೋದು. ಜಾಗ್ರತೆ ಬೇಕಿರೋದು ಗೋಡೆ ಕಡೆಯ ತುದೀಲಿ, ಆ ಮೂರು ಪಿನ್ ಪ್ಲಗ್ಗಿಗೆ ಒಂದು ಹನಿಯೂ ಬೀಳಬಾರ್ದು. ಸಾಕೆಟ್ ಸೂರಿನ ಒಳಗೆ ಎದೆ ಎತ್ತರಕ್ಕೆ ಹಾಕಿಸಿ, ಕರೆಂಟ್ ಲೀಕ್ ಆದ್ರೆ ತಾನೇ ಕಟ್ ಮಾಡೋ ಆರ್‌ಸಿಸಿಬಿ ಇರಲಿ, ಒದ್ದೆ ಕೈಲಿ ಮುಟ್ಬೇಡಿ.